ಹತ್ತೊಂಬತ್ತು ಸೆಕೆಂಡು

“ಏಳು ನಿಮಿಷ, ನೋರೀನ್. ಕಕ್ಕಸಿನಲ್ಲಿ ಏಳು ನಿಮಿಷ ಏನ್ ಮಾಡ್ತಿದ್ರಿ? ಮೊಟ್ಟೆ ಇಟ್ಟು ಕಾವು ಕೊಡ್ತಿದ್ರಾ?”

ಡೊಮಿನಿಕ್‌ಗೆ ಇಪ್ಪತ್ತಾರು ವರ್ಷ. ಉಗ್ರಾಣದ ಆ ಸಾಲಿಗೆ ಅವನೇ ಮೇಲ್ವಿಚಾರಕ. ನಗುನಗುತ್ತಲೇ ಮಾನ ಕಳೆಯುವ ವಿದ್ಯೆಯನ್ನು ಕಂಪನಿಯೇ ಅವನಿಗೆ ಕಲಿಸಿ ಕಳಿಸಿತ್ತು. ಸಾಲಿನಲ್ಲಿ ನಿಂತು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಇಬ್ಬರು ನಕ್ಕರು. ನಗದಿದ್ದರೆ ಮುಂದಿನ ಸರದಿ ತಮ್ಮದೆಂದು ಅವರಿಗೆ ಗೊತ್ತಿತ್ತು.

“ಹೊಟ್ಟೆ ನೋವಿತ್ತು,” ಎಂದಳು ನೋರೀನ್ ಸಿಡಲ್. ಅವಳಿಗೆ ಐವತ್ತು ತುಂಬಲು ಎರಡು ತಿಂಗಳಿತ್ತು. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯಿಂದ ರಕ್ತ ಹೇಗೆ ಹರಿಯುತ್ತದೆ ಎಂದು ಈ ಹುಡುಗನ ಮುಂದೆ ವಿವರಿಸುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎನಿಸಿತು.

“ಹೊಟ್ಟೆ ಎಲ್ಲರಿಗೂ ಇದೆ ಮೇಡಂ. ಇನ್ನೊಂದು ಸಲ ಹೀಗಾದರೆ ಮನೇಲೇ ಕಾವು ಕೊಡ್ತಾ ಕೂರಬಹುದು.”

ಮಣಿಕಟ್ಟಿಗೆ ಕಟ್ಟಿದ, ಕೆಲಸದ ನಿಮಿಷ ಎಣಿಸುವ ಯಂತ್ರ ಕುಯ್‌ಗುಟ್ಟಿತು. ನೋರೀನ್ ಮುಂದಿನ ಡಬ್ಬಿ ಎತ್ತಿಕೊಂಡಳು. ಅವಳ ಅಪ್ಪ ಇಳಿಯುತ್ತಿದ್ದ ಕಲ್ಲಿದ್ದಲ ಗಣಿಯ ಬಾಯಿಗೆ ಕಾಂಕ್ರೀಟು ಸುರಿದು ಮುಚ್ಚಿ, ಅದರ ಮೇಲೆಯೇ ಈ ಉಗ್ರಾಣ ಎಬ್ಬಿಸಿದ್ದರು. ಅಪ್ಪ ಕೆಳಗೆ ಕತ್ತಲಲ್ಲಿ ದುಡಿದ, ತಾನು ಮೇಲೆ ಬಿಳಿ ದೀಪದಲ್ಲಿ ದುಡಿಯುತ್ತಿದ್ದೇನೆ, ಅಷ್ಟೇ ಏಳಿಗೆ ಎಂದು ಅವಳು ಕೆಲವೊಮ್ಮೆ ಅಂದುಕೊಳ್ಳುತ್ತಿದ್ದಳು.

ಊಟದ ಅರ್ಧ ಗಂಟೆಯಲ್ಲಿ ಫೋನ್ ತೆಗೆದರೆ ಹ್ಯಾಗ್‌ಥಾರ್ಪ್ ಊರಿನ ಫೇಸ್‌ಬುಕ್ ಗುಂಪು ಕೊತಕೊತ ಕುದಿಯುತ್ತಿತ್ತು. ಮೇಲೊಂದು ಚಿತ್ರ: ಕ್ಲೈವ್ ಹಿಂಚ್ಲಿಫ್‌ನ ನೀಲಿ ಕಾರನ್ನು ಲಾರಿಯ ಮೇಲೆ ಏರಿಸುತ್ತಿದ್ದಾರೆ. ಬಾಗಿಲಲ್ಲಿ ಕ್ಲೈವ್ ಊರುಗೋಲು ಹಿಡಿದು ನಿಂತಿದ್ದಾನೆ, ಕಾಲ ಬಳಿ ಅವನ ಮುದಿ ನಾಯಿ ಪಿಪ್. ಕಾರು ಅಂಗವಿಕಲರ ಭತ್ಯೆಯ ಜೊತೆ ಬಂದದ್ದು. ಭತ್ಯೆ ನಿಂತಿತು, ಕಾರು ಹೋಯಿತು.

ಚಿತ್ರದ ಕೆಳಗೆ ಇಡೀ ಊರು ಸೇರಿತ್ತು.

“ಯಾವ ಸೂಳೇಮಗ ಚಾಡಿ ಏಳಿರೋದು?”

“ಇಲಾಖೆಯೋರು ಕ್ಲೈವ್‌ಗೆ ಕಳ್ಸಿರೋ ಕಾಗ್ದದಾಗೆ ಪೋಟೋ ಐತೆ. ಅವ್ನು ಬಾವುಟ ಒತ್ಕೊಂಡಿರೋದು. ಎಲ್ಲಿಂದ ತೆಗ್ದವ್ರೆ ನೋಡಿ. ಬಾನ್ಸರ್ ಮನೆ ಗೋಡೆ ತಾವಿಂದ.”

“ಬಾನ್ಸರಾ? ಕೇಳ್ಬೇಕಾ ಮತ್ತೆ. ಅಪ್ಪ ಸ್ಕ್ಯಾಬು, ಮಗಾನೂ ಸ್ಕ್ಯಾಬು.”

ಸ್ಕ್ಯಾಬ್ ಅಂದರೆ ಮುಷ್ಕರ ಮುರಿದು ಗಣಿಗೆ ಇಳಿದವನು. ನಲವತ್ತು ವರ್ಷದ ಹಿಂದಿನ ಆ ಮುಷ್ಕರದಲ್ಲಿ ಊರು ವರ್ಷವಿಡೀ ಉಪವಾಸ ಬಿದ್ದಿತ್ತು. ಹನ್ನೊಂದನೆಯ ತಿಂಗಳಲ್ಲಿ ಕೀತ್ ಬಾನ್ಸರ್‌ನ ಅಪ್ಪ ಪೊಲೀಸರ ಬಸ್ಸು ಹತ್ತಿ ಕೆಲಸಕ್ಕೆ ಹೋದ. ಅವನು ಸತ್ತು ಇಪ್ಪತ್ತು ವರ್ಷವಾಗಿದ್ದರೂ ಊರಿನ ಹೋಟೆಲಿನಲ್ಲಿ ಅವನ ಮಗನ ಪಕ್ಕ ಇವತ್ತಿಗೂ ಯಾರೂ ಕೂರುವುದಿಲ್ಲ.

ನೋರೀನ್‌ಳ ಹೆಬ್ಬೆರಳು ಪರದೆಯ ಮೇಲೆ ನಿಂತಿತು. ನೂರ ನಲವತ್ತು ಜನ ಸಿಟ್ಟಿನ ಕೆಂಪು ಮುಖ ಒತ್ತಿದ್ದರು. ತಾನೊಬ್ಬಳು ಒತ್ತದಿದ್ದರೆ ಯಾರಾದರೂ ಗಮನಿಸಿಯಾರು ಎಂದು ಹೆದರಿ ಅವಳೂ ಒತ್ತಿದಳು. ಒತ್ತಿದ ಮೇಲೆ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ.

ಕ್ಲೈವ್ ಮೇಲೆ ಬರೆದು ಕಳಿಸಿದವಳು ಅವಳೇ.

ಹಾಗೆಂದು ಕ್ಲೈವ್ ಅವಳಿಗೆ ಯಾರೋ ಅಲ್ಲ. ಎದುರು ಮನೆಯವನು, ಅಪ್ಪನ ಜೊತೆ ಗಣಿಗೆ ಇಳಿದವನು. ಮುಷ್ಕರದ ವರ್ಷ ಒಂಬತ್ತರ ನೋರೀನ್‌ಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾರ್ವಜನಿಕ ಅಡುಗೆಮನೆಗೆ ಸಾರು ಕುಡಿಸಲು ಒಯ್ದವನು. ಹದಿನಾರು ವರ್ಷ ನುಂಗಿದ ದೂಳು ಅವನ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಪ್ಪ ಹೋದ ಮೇಲೆ ಅವಳು ಮನಸ್ಸಿನ ಮಾತು ಹೇಳಿಕೊಳ್ಳುತ್ತಿದ್ದುದು ಕ್ಲೈವ್‌ನ ಅಡುಗೆಮನೆಯಲ್ಲಿ, ಹಾಲು ಹಾಕಿದ ಕಡು ಚಹಾ ಕುಡಿಯುತ್ತ. ಕಕ್ಕಸಿನ ನಿಮಿಷ ಎಣಿಸುವ ವಿಷಯವನ್ನೂ ಅವಳು ಹೇಳಿಕೊಂಡದ್ದು ಅಲ್ಲೇ.

ಅದೇ ಎಡವಟ್ಟಾಯಿತು. ಹಿಂದಿನ ಮೇ ತಿಂಗಳಲ್ಲಿ ನೋರೀನ್ ಊರ ಗುಂಪಿನಲ್ಲಿ ಒಂದು ಚಿತ್ರ ಹಂಚಿದ್ದಳು. ಕಡಲು ದಾಟಿ ದೋಣಿಯಲ್ಲಿ ಬಂದವರನ್ನು ಸರ್ಕಾರ ಹೋಟೆಲಿನಲ್ಲಿ ಇರಿಸಿದೆ, ನಮ್ಮವರಿಗೆ ಚಿಪ್ಪು ಎಂಬ ಮಾತು ಅದರಲ್ಲಿತ್ತು. ಎಲ್ಲಿಯ ಹೋಟೆಲೋ, ಯಾವ ವರ್ಷದ್ದೋ ಅವಳು ನೋಡಿರಲಿಲ್ಲ. ಕ್ಲೈವ್ ಅದರ ಕೆಳಗೆ, ಇಡೀ ಊರಿಗೆ ಕಾಣುವಂತೆ ಬರೆದ: “ಕೂಸೇ, ನೀನು ಉಚ್ಚೆ ಉಯ್ಯೋಕೆ ಓದ್ರೆ ಗಡಿಯಾರ ಇಡ್ಕೊಂಡು ನಿಂತ್ಕೊತಾನಲ್ಲ, ಅವ್ನು ದೋಣೀಲಿ ಬಂದೋನಲ್ಲ ಕಣೇ. ನಿಮ್ಮಪ್ಪ ಇದ್ದಿದ್ರೆ ಆ ಪೋನ್ ಕಿತ್ಕೊಂಡು ಒಲೆಗೆ ಆಕ್ತಿದ್ದ.”

ಇನ್ನೂರು ಜನ ನಕ್ಕರು. ಆ ಗುಂಪಿನಲ್ಲಿ ಡೊಮಿನಿಕ್ ಕೂಡ ಇದ್ದ. ಮರುದಿನ ಸಾಲಿನ ಮುಂದೆ ನಿಂತು ಅದನ್ನು ರಾಗವಾಗಿ ಓದಿದ. ಆವತ್ತಿನಿಂದ ಉಗ್ರಾಣದಲ್ಲಿ ಅವಳ ಹೆಸರು ಉಚ್ಚೆ ರಾಣಿ.

ಕ್ಲೈವ್ ಬರೆದದ್ದು ಸುಳ್ಳಲ್ಲ ಎಂಬುದೇ ಅವಳಿಗೆ ಹೆಚ್ಚು ಉರಿ. ಎಣಿಸುವವನ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟು ಹೇಳಿದವನ ಕಡೆ ತಿರುಗಿತು.

ಜೂನ್ ತಿಂಗಳಲ್ಲಿ ಬಾವುಟದ ದಿನ ಬಂತು. ಗಣಿ ಕಾರ್ಮಿಕರ ಸಂಘದ ಹಳೆಯ ರೇಷ್ಮೆ ಬಾವುಟವನ್ನು ವರ್ಷಕ್ಕೊಮ್ಮೆ ಹೊರಗೆ ತೆಗೆದು, ಎರಡು ಕಂಬಗಳಿಗೆ ಕಟ್ಟಿ, ವಾದ್ಯದವರ ಜೊತೆ ಊರೆಲ್ಲ ಸುತ್ತಿಸಿ, ಗಣಿಯಲ್ಲಿ ಸತ್ತವರ ಹೆಸರು ಕೊರೆದ ಕಲ್ಲಿನ ಮುಂದೆ ನಿಲ್ಲಿಸುತ್ತಾರೆ. ಕೊನೆಯ ಇಪ್ಪತ್ತು ಹೆಜ್ಜೆ ಕಂಬ ಹೊರುವ ಹಕ್ಕು ಸತ್ತವರ ಮಕ್ಕಳದು. ಕಲ್ಲಿನ ಮೇಲೆ ಕ್ಲೈವ್‌ನ ಅಪ್ಪನ ಹೆಸರಿದೆ. ಬೇರೆ ಯಾರಿಗಾದರೂ ಕೊಡು ಎಂದರೆ ಕ್ಲೈವ್ ಹೊಡೆಯಲು ಬರುತ್ತಿದ್ದ. ಇಪ್ಪತ್ತು ಹೆಜ್ಜೆ ಹೊತ್ತು ಅವನು ಮೂರು ದಿನ ಹಾಸಿಗೆ ಹಿಡಿಯುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಆ ದಿನ ನೋರೀನ್ ಜನರ ಜೊತೆ ನಿಲ್ಲದೆ ಬಾನ್ಸರ್ ಮನೆಯ ಗೋಡೆಗೆ ಒರಗಿ ನಿಂತಿದ್ದಳು. ಅಲ್ಲಿ ಯಾರೂ ನಿಲ್ಲುವುದಿಲ್ಲವಾದ್ದರಿಂದ ಯಾರೂ ಉಚ್ಚೆ ರಾಣಿ ಎಂದು ಕರೆಯುವಂತಿರಲಿಲ್ಲ. ಅಲ್ಲಿಂದಲೇ ಚಿತ್ರೀಕರಿಸಿದಳು. ಎರಡು ದಿನ ಬಿಟ್ಟು, ಡೊಮಿನಿಕ್ ಅವಳ ಒಂದು ದಿನದ ಕೂಲಿ ಹಿಡಿದ ಮಧ್ಯಾಹ್ನ, ಊಟದ ಮೇಜಿನ ಮೇಲೆ ಅದನ್ನು ಕತ್ತರಿಸಿದಳು. ಉಳಿದದ್ದು ಹತ್ತೊಂಬತ್ತು ಸೆಕೆಂಡು. ಕ್ಲೈವ್ ಎದೆ ಸೆಟೆಸಿ ನಡೆಯುತ್ತಾನೆ, ಬಾವುಟ ಗಾಳಿಗೆ ಉಬ್ಬುತ್ತದೆ. ಸುಳ್ಳು ಹೇಳಿ ಭತ್ಯೆ ತಿನ್ನುವವರ ಬಗ್ಗೆ ತಿಳಿಸಿ ಎಂಬ ಸರ್ಕಾರಿ ಪುಟ ತೆರೆದರೆ ನಿಮ್ಮ ಹೆಸರು ಕಡ್ಡಾಯವಲ್ಲ ಎಂದು ಬರೆದಿತ್ತು. ಖಾಲಿ ಬಿಟ್ಟಳು. ಕಳಿಸಿದ ಕ್ಷಣವೇ ವಾಪಸು ಪಡೆಯುವ ಗುಂಡಿ ಹುಡುಕಿದಳು, ಇರಲಿಲ್ಲ.

ಕಾರು ಹೋದ ಮರುದಿನ ಬೆಳಿಗ್ಗೆ ಬಾನ್ಸರ್ ಮನೆಯ ಗೋಡೆ ಕೆಂಪಗಿತ್ತು. ಇಂಗ್ಲಿಷಿನ ಆಳುದ್ದದ ನಾಲ್ಕು ಅಕ್ಷರ: ಸ್ಕ್ಯಾಬ್. ಐವತ್ತೆಂಟು ವರ್ಷದ ಕೀತ್ ಬಾನ್ಸರ್ ಬಕೀಟು, ತಂತಿ ಬ್ರಷ್ಷು ಇಟ್ಟುಕೊಂಡು ಉಜ್ಜುತ್ತಿದ್ದ. ಕೆಲಸಕ್ಕೆ ಹೋಗಲು ಆ ದಾರಿ ಬಿಟ್ಟರೆ ನೋರೀನ್‌ಗೆ ಬೇರೆ ದಾರಿಯಿರಲಿಲ್ಲ. ತಲೆ ತಗ್ಗಿಸಿ ಸರಸರ ದಾಟಿದಳು.

“ನೋರೀನ್,” ಎಂದ ಕೀತ್ ಮುಖ ತಿರುಗಿಸದೆ. ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನಂಗೊತ್ತು. ಆವತ್ತು ಕಿಟಕೀಲೇ ಕುಂತಿದ್ದೆ. ನಮ್ಮ್ ಗೋಡೆಗೆ ಮನುಷ್ರು ಒರಗಿದ್ದನ್ನ ನೋಡಿ ಎಷ್ಟು ವರ್ಸ ಆಗಿತ್ತು ಗೊತ್ತಾ. ಚಾ ಕೊಡ್ಲಾ ಅಂತ ಕೇಳುವಾ ಅನ್ಕೊಂಡೆ.”

ಅವಳ ಕಾಲು ಅಲ್ಲೇ ನಿಂತಿತು. “ಮತ್ತೆ... ಏಳ್ಬೋದಿತ್ತಲ್ಲ ಊರಿಗೆ.”

“ಯಾರು ನಂಬ್ತಾರೆ? ನಂಬುದ್ರೂ ಏಳಲ್ಲ ಬುಡು.” ಬ್ರಷ್ಷನ್ನು ನೀರಿಗೆ ಅದ್ದಿದ. “ಒಬ್ಬರ್ ಮೇಲೆ ಊರು ಬಿದ್ರೆ ಎಂಗಿರ್ತದೆ ಅಂತ ನಮ್ಮನೇಲಿ ಗೊತ್ತೈತೆ. ನಮ್ಮವ್ವ ಸಾಯೋಗಂಟ ಈ ಗೋಡೆ ಉಜ್ಜುದ್ಲು. ಓಗು, ನಿಂಗೆ ಒತ್ತಾಯ್ತದೆ.”

ಅವನು ಬೈದಿದ್ದರೆ ಅವಳಿಗೆ ಸುಖವಾಗುತ್ತಿತ್ತು. ಬೈಯಲಿಲ್ಲ.

ಭತ್ಯೆಗಾಗಿ ಕ್ಲೈವ್ ಹಾಕಿದ ಮೇಲ್ಮನವಿಯ ವಿಚಾರಣೆಗೆ ನಾಲ್ಕು ತಿಂಗಳು ಕಾಯಬೇಕಾಯಿತು. ಅಷ್ಟೂ ದಿನ ನೋರೀನ್ ಕ್ಲೈವ್‌ಗೆ ಹಾಲು ತಂದುಕೊಟ್ಟಳು, ಪಿಪ್‌ನನ್ನು ತಿರುಗಾಡಿಸಿದಳು, ಒಲೆ ಒರೆಸಿದಳು. ಪಾಪ ತೊಳೆಯಲು ಕಸ ಗುಡಿಸಿದರಾಗುತ್ತದೆ ಎಂಬ ಹುಚ್ಚು ನಂಬಿಕೆ. ದೂರದ ಆಸ್ಪತ್ರೆಯಲ್ಲಿ ಅವನ ಶ್ವಾಸಕೋಶಕ್ಕೆ ವಾರಕ್ಕೆರಡು ಸಲ ವ್ಯಾಯಾಮ ಮಾಡಿಸುತ್ತಿದ್ದರು. ಕಾರಿಲ್ಲದ ಮೇಲೆ ಅದು ನಿಂತಿತು. ಹೀಗೇ ಬಿಟ್ಟರೆ ಇನ್ನೊಂದು ಚಳಿಗಾಲ ಕಾಣುವುದು ಕಷ್ಟ ಎಂದು ದಾದಿ ಫೋನಿನಲ್ಲಿ ಹೇಳಿದ್ದನ್ನು ನೋರೀನ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಜನವರಿಯಲ್ಲಿ ಅವನಿಗೆ ಮೆಟ್ಟಿಲು ಹತ್ತಲಾಗದೆ ಹಾಸಿಗೆ ಕೆಳಗಿನ ಕೋಣೆಗೆ ಬಂತು.

“ನೀನೊಬ್ಳು ಇಲ್ದಿದ್ರೆ ಇಷ್ಟೊತ್ಗೆ ಎತ್ತಿರೋರು ನನ್ನ,” ಎನ್ನುತ್ತಿದ್ದ ಕ್ಲೈವ್. “ಅದೇನೋ ಬರ್ದೆ ನಿನ್ಗೆ ಆವತ್ತು, ತಲೇಲಿ ಮಡೀಕೋಬ್ಯಾಡ. ಮುದ್ಕುಂಗೆ ಬೆರಳು ನೆಟ್ಗಿಲ್ಲ.”

ಅವಳು ಹೂಂ ಎಂದು ಎದ್ದು ಹೋಗಿ ನಲ್ಲಿ ತಿರುಗಿಸಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ವಿಚಾರಣೆಗೆ ಜೊತೆಗೊಬ್ಬರನ್ನು ಕರೆತರಬಹುದು ಎಂದು ಕಾಗದದಲ್ಲಿತ್ತು. ಕ್ಲೈವ್ ಅವಳನ್ನೇ ಕರೆದ. ರಜೆ ಕೇಳಿದರೆ ಡೊಮಿನಿಕ್, “ಗುರುವಾರ ಬಾರದಿದ್ದರೆ ಶುಕ್ರವಾರವೂ ಬರೋದು ಬೇಡ,” ಎಂದ. ಅವಳು ಸರಿ ಎಂದಳು.

ಆ ಬೆಳಿಗ್ಗೆ ಕ್ಲೈವ್ ಗಡ್ಡ ಹೆರೆದು, ಹೆಂಡತಿಯ ಅಂತ್ಯಕ್ರಿಯೆಗೆ ಹೊಲಿಸಿದ ಕರಿ ಸೂಟು ತೊಟ್ಟು, ಟೈ ಕಟ್ಟಿ, ಬೂಟು ಮಿಂಚಿಸಿ ಕೂತಿದ್ದ. ಊರುಗೋಲು ಮೂಲೆಯಲ್ಲಿತ್ತು.

“ಯಾಕೆ ಇದೆಲ್ಲಾ,” ಎಂದಳು ನೋರೀನ್ ಗಾಬರಿಯಿಂದ. “ಟೈ ಬಿಚ್ಚು. ಕೋಲು ತಗೋ. ಅವ್ರು ನೋಡೋದೇ ಅದ್ನ.”

“ಸರ್ಕಾರದೋರ್ ಮುಂದೆ ಕೊಳಕಾಗಿ ನಿಂತ್ರೆ ನಮ್ಮವ್ವ ಗೋರಿಯಿಂದ ಎದ್ ಬತ್ತಾಳೆ. ಭಿಕ್ಸ ಕೇಳಕ್ಕೆ ಓಯ್ತಿಲ್ಲ ನಾನು.”

ಗಣಿಯ ಊರಿನವರೆಲ್ಲ ಮಾಡುವ ತಪ್ಪು ಇದೇ. ಮಾನ ಬಿಡದಿದ್ದವನು ಆರೋಗ್ಯವಾಗಿದ್ದಾನೆ ಎಂದು ಬರೆದುಕೊಳ್ಳುವ ಕಾಲ ಬಂದಿದೆ ಎಂಬುದು ಅವರಿಗೆ ಇನ್ನೂ ಅರ್ಥವಾಗಿಲ್ಲ.

ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರು. ನಡುವೆ ನ್ಯಾಯಾಧೀಶೆ, ಒಂದು ಪಕ್ಕ ವೈದ್ಯ, ಇನ್ನೊಂದು ಪಕ್ಕ ಬರೀ ಬರೆದುಕೊಳ್ಳುತ್ತಿದ್ದ ಹೆಂಗಸು. ಇಲಾಖೆಯ ಪರವಾಗಿ ಬಂದ ಯುವಕ ಬದಿಯ ಕುರ್ಚಿಯಲ್ಲಿದ್ದ. ಕ್ಲೈವ್ ನೋರೀನ್‌ಳ ಕೈ ಬಿಡಿಸಿಕೊಂಡು ಬಾಗಿಲಿಂದ ಕುರ್ಚಿಯವರೆಗೆ ಒಬ್ಬನೇ ನಡೆದ. ಹೆಂಗಸು ಏನೋ ಬರೆದುಕೊಂಡಳು.

“ನಿಮಗೊಂದು ನಾಯಿ ಇದೆ, ಅಲ್ಲವೇ?” ಎಂದ ವೈದ್ಯ.

“ಅದೆ.”

“ಅದನ್ನು ತಿರುಗಾಡಿಸೋರು ಯಾರು?”

“ಈಗ ಇವ್ಳು. ಮೊದ್ಲು ನಾನೇ.”

“ಇವತ್ತು ನೀವೇ ಬಟ್ಟೆ ಹಾಕಿಕೊಂಡಿರಾ? ಟೈ ಕೂಡ? ಬೂಟಿನ ದಾರ ಕಟ್ಟೋಕೆ ಬಗ್ಗಿದಿರಾ?”

“ಮತ್ತೆ ನಿಮ್ಮನ್ನ ಕರೆಯಕ್ಕಾಯ್ತದಾ?”

ಯುವಕ ಗಂಟಲು ಸರಿ ಮಾಡಿಕೊಂಡ. “ಜವಾಬ್ದಾರಿಯುತ ನಾಗರಿಕರೊಬ್ಬರು ಕಳಿಸಿದ ದಾಖಲೆ ನಿಮ್ಮ ಮುಂದಿದೆ. ಇಪ್ಪತ್ತು ಮೀಟರ್ ಕೂಡ ನಡೆಯಲಾರೆ ಎಂದು ಅರ್ಜಿಯಲ್ಲಿ ಬರೆದವರು ಭಾರದ ಕಂಬ ಹೊತ್ತು ಆರಾಮವಾಗಿ ನಡೆಯುತ್ತಿದ್ದಾರೆ.” ಮೇಜಿನ ಮೇಲಿನ ಪರದೆಯಲ್ಲಿ ಹತ್ತೊಂಬತ್ತು ಸೆಕೆಂಡು ಓಡಿತು. ಕ್ಲೈವ್ ಎದೆ ಸೆಟೆಸಿ ನಡೆದ. ಬಾವುಟ ಉಬ್ಬಿತು.

“ಹೊತ್ತಿದ್ದು ನಿಜವೇ?” ಎಂದು ಕೇಳಿದಳು ನ್ಯಾಯಾಧೀಶೆ.

“ನಿಜ.”

“ಆಮೇಲೆ ನಿಮಗೆ ಏನಾದರೂ ತೊಂದರೆ ಆಯಿತೇ?”

ಕ್ಲೈವ್ ಟೈ ಗಂಟು ನೆಟ್ಟಗೆ ಮಾಡಿಕೊಂಡ. ಅಪ್ಪನ ಕಲ್ಲಿನ ಮುಂದೆ ನಾಲ್ಕು ಕಾಲಲ್ಲಿ ಬಿದ್ದೆ ಎಂದು ಹೇಳುವ ನಾಲಿಗೆ ಅವನಿಗಿರಲಿಲ್ಲ. “ಅದು ನಮ್ಮಪ್ಪನ್ ಬಾವ್ಟ,” ಎಂದ. “ಬರೋ ವರ್ಸಾನೂ ಒರ್ತೀನಿ.”

ಯುವಕ ತುಸು ನಕ್ಕು ಕಾಗದ ಜೋಡಿಸಿಕೊಳ್ಳತೊಡಗಿದ. ನೋರೀನ್‌ಗೆ ಡೊಮಿನಿಕ್‌ನ ನಗು ನೆನಪಾಯಿತು. ಎರಡೂ ಒಂದೇ ಅಂಗಡಿಯಲ್ಲಿ ಕೊಂಡು ತಂದ ಹಾಗಿದ್ದವು. ಕೈಚೀಲದೊಳಗಿನ ಫೋನಿನಲ್ಲಿ ಕತ್ತರಿಸದ ಪೂರ್ತಿ ಚಿತ್ರ ಇತ್ತು. ನಾಲ್ಕು ತಿಂಗಳಿಂದ ದಿನಾ ಅಳಿಸಲು ತೆಗೆದು, ದಿನಾ ಅಳಿಸದೆ ಇಟ್ಟಿದ್ದಳು. ಅದನ್ನು ತೋರಿಸಿದರೆ ಕ್ಲೈವ್ ಉಳಿದಾನು. ತೋರಿಸಿದರೆ ಕ್ಲೈವ್ ಅವಳಿಗೆ ಇನ್ನಿಲ್ಲ.

“ಪೂರ್ತಿದು ಐತೆ,” ಎಂದಳು. “ಅದು ಅಷ್ಟೇ ಅಲ್ಲ. ಮುಂದೆ ಐತೆ.”

“ನಿಮ್ಮ ಹತ್ತಿರ ಅದು ಹೇಗೆ ಬಂತು?” ಎಂದಳು ನ್ಯಾಯಾಧೀಶೆ.

“ತೆಗ್ದೋಳು ನಾನು. ಕತ್ತರ್ಸಿ ಕಳ್ಸಿದ್ದೂ ನಾನೇ.”

ಕ್ಲೈವ್ ತಿರುಗಲಿಲ್ಲ. ತೊಡೆಯ ಮೇಲಿದ್ದ ಅವನ ಕೈ ಮಾತ್ರ ಮುಷ್ಟಿಯಾಯಿತು.

ಅವರು ಅದನ್ನು ಹಾಕಿದರು. ಇಪ್ಪತ್ತನೆಯ ಸೆಕೆಂಡಿಗೆ ಕಂಬ ವಾಲಿತು, ಯಾರೋ ಓಡಿ ಬಂದು ಹಿಡಿದರು. ಕ್ಲೈವ್ ಕಲ್ಲಿನ ಬುಡದಲ್ಲಿ ಮಂಡಿಯೂರಿ, ಆಮೇಲೆ ಅಂಗೈಯೂರಿ ಕೆಮ್ಮಿದ. ಕರವಸ್ತ್ರ ಕಪ್ಪಾಯಿತು. ತುಟಿ ನೀಲಿಯಾಯಿತು. ಒಂದು ನಿಮಿಷಕ್ಕೂ ಮಿಕ್ಕಿ ಆ ಕೆಮ್ಮು ಕೋಣೆಯನ್ನೆಲ್ಲ ತುಂಬಿತು. ಅದರ ಮೇಲೆ, ಫೋನಿನ ಹತ್ತಿರದಿಂದ, ಒಂದು ಹೆಣ್ಣುದನಿ ಸ್ಪಷ್ಟವಾಗಿ ಕೇಳಿಸಿತು: “ನಾಟ್ಕ ಆಡ್ತಾನೆ ಮುದ್ಕ. ಸಾಯಿ ಅತ್ಲಾಗೆ.”

ತನ್ನ ಆ ಮಾತು ಅದರಲ್ಲಿ ಇರುವುದು ಅವಳಿಗೆ ಗೊತ್ತಿತ್ತು. ದನಿ ಮುಚ್ಚಿ ತೋರಿಸಬಹುದಿತ್ತು. ತೋರಿಸುವುದಾದರೆ ಮುಚ್ಚಬಾರದು ಎಂದು ಬಸ್ಸಿನಲ್ಲೇ ನಿರ್ಧರಿಸಿದ್ದಳು. ಕೇಳುವಾಗ ಮಾತ್ರ ಕಿವಿ ಕಿತ್ತು ಎಸೆಯುವಂತಾಯಿತು.

ಬರೆದುಕೊಳ್ಳುವ ಹೆಂಗಸಿನ ಪೆನ್ನು ನಿಂತಿತ್ತು. “ತೀರ್ಪು ಅಂಚೆಯಲ್ಲಿ ಬರುತ್ತದೆ,” ಎಂದಳು ನ್ಯಾಯಾಧೀಶೆ.

ಬಸ್ ನಿಲ್ದಾಣದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತರು. ತೋಳು ಕೊಡಲು ಹೋದಳು, ಕ್ಲೈವ್ ಕಂಬ ಹಿಡಿದುಕೊಂಡ.

“ನಿಮ್ಮಪ್ಪ ಸತ್ತಿದ್ದು ಒಳ್ಳೇದಾಯ್ತು,” ಎಂದ. ಅಷ್ಟೇ ಆಡಿದ.

ಬಸ್ಸಿನಲ್ಲಿ ಅವನು ಮುಂದೆ ಕೂತ, ಅವಳು ಹಿಂದೆ. ಅವನ ಕತ್ತಿನ ಹಿಂದೆ ಸೂಟಿನ ಕಾಲರು ಮಡಚಿಕೊಂಡಿತ್ತು. ಸರಿ ಮಾಡುವ ಹಕ್ಕು ತನಗೆ ಹೋಯಿತೆಂದು ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಬಂದಳು.

ಶುಕ್ರವಾರ ಉಗ್ರಾಣದಿಂದ ಎರಡು ಸಾಲಿನ ಸಂದೇಶ ಬಂತು. ಮಣಿಕಟ್ಟಿನ ಯಂತ್ರ ಹಿಂದಿರುಗಿಸಿ, ಇನ್ನು ಬರಬೇಕಿಲ್ಲ. ಕ್ಲೈವ್‌ನ ಬಾಗಿಲು ತೆರೆಯಲಿಲ್ಲ. ಹೊಸಿಲ ಮೇಲೆ ಅವಳಿಟ್ಟ ಹಾಲು ಸಂಜೆಯವರೆಗೂ ಅಲ್ಲೇ ಇತ್ತು. ಅವನು ಊರಿಗೆ ಏನೂ ಹೇಳಿರಲಿಲ್ಲ. ಗುಂಪಿನಲ್ಲಿ ಇನ್ನೂ ಬಾನ್ಸರ್‌ನ ಹೆಸರೇ ಓಡುತ್ತಿತ್ತು, ಈ ಸಲ ಕಿಟಕಿಗೆ ಕಲ್ಲು ಬೀಳಲಿ ಎಂದು ಯಾರೋ ಬರೆದಿದ್ದರು.

ಶನಿವಾರ ಹನ್ನೊಂದು ಗಂಟೆಗೆ, ಊರೆಲ್ಲ ಪೇಟೆಗೆ ಹೊರಡುವ ಹೊತ್ತಿಗೆ, ನೋರೀನ್ ಒಂದು ಡಬ್ಬಿ ಕೆಂಪು ಬಣ್ಣ, ಅಗಲವಾದ ಬ್ರಷ್ಷು ತಂದು ತನ್ನ ಮನೆಯ ಮುಂದೆ ನಿಂತಳು. ಹಸಿರು ಬಾಗಿಲು. ಅಪ್ಪ ಮುಷ್ಕರದ ಬೇಸಿಗೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಹೊಡೆದ ಬಣ್ಣ, ಆಮೇಲೆ ಅವಳೂ ಅದೇ ಬಣ್ಣ ಹೊಡೆಸುತ್ತ ಬಂದಿದ್ದಳು. ಬ್ರಷ್ಷು ಅದ್ದಿ ಮೊದಲನೆಯ ಅಕ್ಷರ ಎಳೆದಳು. ಕೆಂಪು ಸೋರಿ ಹೊಸಿಲ ಮೇಲೆ ತೊಟ್ಟಿಕ್ಕಿತು. ಎರಡನೆಯದು ಬರೆಯುವಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತೆರೆಯಿತು.

“ಏನೇ ಇದು? ತಲೆಗಿಲೆ ಕೆಟ್ಟೈತಾ?”

ಅವಳು ಬಾನ್ಸರ್ ಗೋಡೆಯ ಮೇಲಿದ್ದ ಅದೇ ನಾಲ್ಕು ಅಕ್ಷರ ಮುಗಿಸಿದಳು. ತಿರುಗಿದಾಗ ರಸ್ತೆಯಲ್ಲಿ ಹದಿನೈದು ಜನವಿದ್ದರು. ಅವರ ಹಿಂದೆ, ಬಹಳ ದೂರದಲ್ಲಿ, ಕೀತ್ ಬಾನ್ಸರ್ ಸಂತೆ ಚೀಲ ಹಿಡಿದು ನಿಂತುಬಿಟ್ಟಿದ್ದ.

“ಕ್ಲೈವ್ ಮೇಲೆ ಬರ್ದು ಕಳ್ಸಿದ್ದು ಬಾನ್ಸರ್ ಅಲ್ಲ,” ಎಂದಳು ನೋರೀನ್, ಎಲ್ಲರಿಗೂ ಕೇಳುವಷ್ಟು ಜೋರಾಗಿ. “ನಾನು.”

ಮುಂದೆ ನಿಂತಿದ್ದ ಮುದುಕಿ ಉಗಿದಳು. “ತೂ, ಬೇವರ್ಸಿ. ಅವ್ನ ಕಾಲ್ ತಾವ ಬೆಳ್ದೋಳು ನೀನು.” ಆಮೇಲೆ ಒಂದೊಂದಾಗಿ ಫೋನುಗಳು ಮೇಲೆದ್ದವು. ಕರಿ ಗಾಜಿನ ಹದಿನೈದು ಕಣ್ಣು ಅವಳ ಕಡೆ ನೋಡಿದವು.

ಎದುರು ಮನೆಯ ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿದಿತ್ತು. ಕೆಳಗಡೆ ಗಾಜಿಗೆ ಪಿಪ್‌ನ ಮೂಗು ಒತ್ತಿಕೊಂಡಿತ್ತು. ಮೇಲುಗಡೆ ಯಾರ ಮುಖವೂ ಕಾಣಲಿಲ್ಲ.

“ತೆಗೀರಿ,” ಎಂದಳು ನೋರೀನ್. “ಕೊನೇಗಂಟ ತೆಗೀರಿ. ನಡುವೆ ಕತ್ತರಿಸ್ಬ್ಯಾಡಿ.”

ಮತ್ತೆ ಬಾಗಿಲ ಕಡೆ ತಿರುಗಿ, ಕೊನೆಯ ಅಕ್ಷರ ತೆಳುವಾಗಿದೆ ಎನಿಸಿ, ಬ್ರಷ್ಷನ್ನು ಇನ್ನೊಮ್ಮೆ ಬಣ್ಣಕ್ಕೆ ಅದ್ದಿದಳು.